ಕ್ಷಾರಧಾರಣೆ: ಮೃತ್ತಿಕೆಯ ಒಂದು ಗುಣವನ್ನು ಕುರಿತ ವಿಚಾರದ ಚರಿತ್ರೆ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ‘ಕ್ಷಾರ’ ಶಬ್ದವನ್ನು ಕ್ಷರಣ, ಕ್ಷಣನ ಎಂಬ ಎರಡು ಕ್ರಿಯೆಗಳಿಂದ ನಿರ್ವಚಿಸಿದೆ. ವೃಕ್ಷಗಳನ್ನು ಸುಟ್ಟು, ಬೂದಿಯನ್ನು ಕದಡಿ ಸೋಸಿ, ಆ ದ್ರವವನ್ನು ಕಾಯಿಸುವ ಕ್ರಮವನ್ನೂ ಹೇಳಿದೆ. ವೈದ್ಯರು ಯವದ ಬೂದಿಯಿಂದ ತೆಗೆಯುವ ಯವಕ್ಷಾರದಲ್ಲಿ ಪ್ರಧಾನವಾದುದು ಪೊಟ್ಯಾಸಿಯಂ ಲವಣ. ಆ ಧಾತುವನ್ನು ೧೮೦೭ರಲ್ಲಿ ಹಂಫ್ರಿ ಡೇವಿಯು ವಿದ್ಯುಚ್ಛಕ್ತಿಯಿಂದ ಬೇರ್ಪಡಿಸಿದನು. ಸಸ್ಯಗಳಿಗೆ ಇದು ದೊರೆಯುವುದು ಮಣ್ಣಿನಿಂದ. ಆದರೆ ನೀರಿನಲ್ಲಿ ಸುಲಭವಾಗಿ ಕರಗುವ ಈ ಲವಣವು ಮಳೆಗೆ ತೊಳೆದುಹೋಗದೆ ಬೇರಿಗೆ ದೊರೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವು ಲಭಿಸಿದ ಬಗೆಯನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೆಳೆಯು ಭೂಮಿಯಿಂದ ಕೊಂಡ ಖನಿಜಾಂಶಗಳನ್ನು ಅದಕ್ಕೆ ಮರಳಿ ಸಲ್ಲಿಸಬೇಕೆಂದು ಜರ್ಮನಿಯ ಲೀಬಿಗನು ೧೮೪೦ರಲ್ಲಿ ಪ್ರತಿಪಾದಿಸಿದನು. ೧೮೪೫ರಲ್ಲಿ ಅವನ ಗೊಬ್ಬರವು ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದಿತು. ಕ್ಷಾರವು ಮಳೆನೀರಿನೊಡನೆ ಹರಿದುಹೋದೀತೆಂಬ ಶಂಕೆಯಿಂದ ಅದನ್ನು ಸುಣ್ಣದ ಕಾರ್ಬೊನೇಟಿನೊಡನೆ ಕಾಯಿಸಿ ಬೆಸೆದು, ನೀರಿನಲ್ಲಿ ಬೇಗ ಕರಗದಂತೆ ಮಾಡಿದ್ದರು. ಗೊಬ್ಬರವು ಹೊಲದಲ್ಲಿ ನಿಂತಿತು. ಬೆಳೆಗೆ ಮಾತ್ರ ದಕ್ಕಲಿಲ್ಲ. ಅದರಲ್ಲಿ ಸಾರಜನಕವು ಸಾಲದಿದ್ದುದೂ ಈ ವೈಫಲ್ಯಕ್ಕೆ ಇನ್ನೊಂದು ಕಾರಣ.

ಲೀಬಿಗನ ಶಂಕೆಯು ನಿರಾಧಾರವೆಂಬುದು ಇಂಗ್ಲೆಂಡಿನಲ್ಲಿಯೇ ಸಿದ್ಧವಾಯಿತು. ಯಾರ್ಕ್‌ಷೈರಿನ ಭೂಸ್ವಾಮಿ ಎಚ್. ಎಸ್. ಥಾಂಪ್ಸನನು ಅಮೋನಿಯಾ ಲವಣದ ನೀರನ್ನು ಮಣ್ಣಿನ ಮೂಲಕ ಇಳಿಸಿದಾಗ, ಅಮೋನಿಯಾ ಅಲ್ಲಿಯೇ ಉಳಿದು ಸುಣ್ಣದ ಲವಣವು ಹೊರಬಂದಿತು. ರಸಾಯನಜ್ಞನಾದ ಥಾಮಸ್ ವೇ ೧೮೫೦ರಲ್ಲಿ ಪೊಟ್ಯಾಸಿಯಮ್ಮಿನ ವಿಷಯದಲ್ಲಿಯೂ ಇದೇ ವಿನಿಮಯವನ್ನು ತೋರಿಸಿ, ಈ ಗುಣವು ಮರಳಿನದಲ್ಲ, ಜೇಡಿಯದು ಎಂದು ನಿರ್ಧರಿಸಿದನು. ೧೮೬೨ರಲ್ಲಿ ಲೀಬಿಗನು ತನ್ನ ಗ್ರಂಥದ ಹೊಸ ಆವೃತ್ತಿಯಲ್ಲಿ ತನ್ನ ಪ್ರಮಾದವನ್ನು ಮುಚ್ಚುಮರೆಯಿಲ್ಲದೆ ಅಂಗೀಕರಿಸಿದನು. ತನ್ನ ಮತವನ್ನು ತಾನೇ ತಿದ್ದಿಕೊಂಡ ಈ ನಡತೆಯು ಶ್ಲಾಘ್ಯವಾದುದು.

ಅನಂತರದ ಸಂಶೋಧನೆಗಳಿಂದ ಮಣ್ಣಿನ ಪೊಟ್ಯಾಸಿಯಮ್ಮಿಗೆ ನಾಲ್ಕು ಅವಸ್ಥೆಗಳುಂಟೆಂದು ತಿಳಿದಿದೆ. ಮಣ್ಣಿನ ನೀರಿನಲ್ಲಿ ಕರಗಿರುವ ಅತ್ಯಲ್ಪ ಭಾಗವು ಮೊದಲನೆಯದು. ಜೇಡಿಯ ಕಣಗಳ ಮೇಲೆ ವಿದ್ಯುದಾಕರ್ಷಣೆಯಿಂದ ನಿಂತು, ಬೇರು ಹೀರಿದಷ್ಟನ್ನು ಆ ನೀರಿಗೆ ತುಂಬಿಕೊಡುವುದು ಎರಡನೆಯದು. ಕಣದ ಪದರಗಳ ನಡುವೆ ಸಿಕ್ಕಿ ನಿಧಾನವಾಗಿ ಬಿಡುಗಡೆಯಾಗುವುದು ಮೂರನೆಯದು. ಅಭ್ರಕ, ಫೆಲ್ಡ್‌ಸ್ಪಾರ್ ಮೊದಲಾದ ಶಿಲಾಖನಿಜಗಳಲ್ಲಿ ಬಂಧಿತವಾದುದು ನಾಲ್ಕನೆಯದು. ಪ್ರಮಾಣದಲ್ಲಿ ಸಾಮಾನ್ಯವಾಗಿ ಇದೇ ಅತ್ಯಧಿಕ, ಬೆಳೆಗೆ ಒದಗುವುದರಲ್ಲಿ ಅತಿ ಮಂದ. ನಮ್ಮ ನಾಡಿನಲ್ಲಿಯೇ ಇದರ ಭೇದವನ್ನು ಕಾಣಬಹುದು. ಬಯಲುಸೀಮೆಯ ಎರೆಭೂಮಿಯಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿಯು ಹೆಚ್ಚು. ಹಿಡಿದಿಡುವ ಶಕ್ತಿಯೂ ಹೆಚ್ಚು. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಕೇಯೊಲಿನೈಟ್ ಪ್ರಧಾನ. ಹಿಡಿತವು ಕಡಮೆ, ಮಳೆಯು ಅಧಿಕ. ಆದಕಾರಣ ಒಂದೇ ತೂಕದ ಗೊಬ್ಬರವು ಎರಡೆಡೆಯೂ ಒಂದೇ ಫಲವನ್ನು ಕೊಡಲಾರದು.

ಕ್ಷಾರವನ್ನು ತೆಗೆಯಬಲ್ಲವರಾಗಿದ್ದರೆಂಬ ಮಾತ್ರಕ್ಕೆ ಮೃತ್ತಿಕೆಯ ಈ ವಿನಿಮಯವನ್ನೂ ನಮ್ಮ ಪೂರ್ವಾಚಾರ್ಯರು ಅರಿತಿದ್ದರೆನ್ನುವುದು ಪ್ರಮಾಣವನ್ನು ಮೀರಿದ ಮಾತು. ಆ ಆಚಾರ್ಯರ ಗೌರವಕ್ಕೆ ಇಂತಹ ಆರೋಪದ ಅಗತ್ಯವೂ ಇಲ್ಲ. ಅವರು ಕಂಡುದು ಕ್ಷಾರದ ಕ್ಷರಣವನ್ನು. ಧರಣಿಯು ಅದನ್ನು ಧರಿಸುವ ಬಗೆಯನ್ನು ಕಂಡವರು ಹತ್ತೊಂಬತ್ತನೆಯ ಶತಮಾನದ ಪರೀಕ್ಷಕರು. ಪದಾರ್ಥವು ಇದೆಯೆಂಬುದು ಬೇರೆ, ಅದು ದಕ್ಕುವುದೆಂಬುದು ಬೇರೆ: ಈ ವಿವೇಕವೇ ಮೇಲಿನ ಚರಿತ್ರೆಯ ಸಾರ.