ತಡವಾಗಿ ಹಿಡಿದ ಕೋಲು

ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮನೆಗೆ ಯಾರಾದರೂ ಬಂದರೆ ಹಜಾರದಲ್ಲಿ ಅವರಿಗೊಂದು ವಿಚಿತ್ರ ನೋಟ ಕಾಣುತ್ತದೆ. ಜಮಖಾನೆ ಉದ್ದಕ್ಕೆ ಹಾಸಿರುತ್ತದೆ. ಅದರ ಆ ತುದಿಯಲ್ಲಿ ಸ್ಟೀಲ್ ಲೋಟವೊಂದು ಮಗ್ಗುಲಾಗಿ ಮಲಗಿರುತ್ತದೆ. ಈ ತುದಿಯಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಗಾಲ್ಫ್ ಕೋಲು ಹಿಡಿದು, ತಲೆ ಬಗ್ಗಿಸಿಕೊಂಡು ನಾನು ನಿಂತಿರುತ್ತೇನೆ. ಲೋಟದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನಮ್ಮ ಯಜಮಾನರು ಕೂತಿರುತ್ತಾರೆ. ನಾನು ತಳ್ಳಿದ ಚೆಂಡು ಲೋಟದೊಳಗೆ ಠಣ್ಣೆಂದು ಹೋದರೆ ಅವರು "ಹೂಂ" ಎನ್ನುತ್ತಾರೆ. ಹೋಗದಿದ್ದರೆ ಏನೂ ಅನ್ನುವುದಿಲ್ಲ.

ಗಾಲ್ಫ್ ಅವರ ಆಟ. ಬ್ಯಾಂಕಿನ ಕೆಲಸದಲ್ಲಿ ಕಾಫಿ ಸೀಮೆಗೆ ವರ್ಗವಾದಾಗ ತೋಟದವರ ಸಹವಾಸದಿಂದ ಕಲಿತದ್ದು. ನಿವೃತ್ತಿಯಾದ ಮರುವರ್ಷ ಅವರಿಗೆ ಲಕ್ವ ಹೊಡೆಯಿತು. ಮಾತು ಬೇಗ ಮರಳಿತು, ನಡಿಗೆ ನಿಧಾನವಾಗಿ ಮರಳಿತು, ಬಲಗೈ ಮಾತ್ರ ಮುನಿಸಿಕೊಂಡು ಕೂತುಬಿಟ್ಟಿತು. ಕೋಲುಗಳ ಚೀಲ ಮೂಲೆ ಸೇರಿತು. ಒಂದು ದಿನ ಧೂಳು ಒರೆಸಲು ಚೀಲ ಎಳೆದಾಗ ಒಂದು ಕೋಲು ಜಾರಿ ನನ್ನ ಕೈಗೆ ಬಂತು. "ಸುಮ್ಮನೆ ಹಿಡಿದು ನೋಡು," ಅಂದರು. ಆಗ ನನಗೆ ಐವತ್ತೊಂದು. ಹಿಡಿದು ನೋಡಿದೆ, ಆಮೇಲೆ ಬಿಡಲಾಗಲಿಲ್ಲ. ಪಕ್ಕದ ಮನೆಯಾಕೆ ಕಾಫಿಪುಡಿ ಕೇಳಲು ಬಂದವರು ನಿಂತು ನೋಡಿ, "ಏನ್ರೀ ಇದು, ಈ ವಯಸ್ಸಿನಲ್ಲಿ?" ಎಂದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಆ ಮಾತು ಎರಡು ದಿನ ನನ್ನನ್ನು ಕೊರೆಯಿತು. ಉತ್ತರ ಸಿಕ್ಕಿದ್ದು ಯಜಮಾನರ ಬೀರುವಿನಲ್ಲಿದ್ದ ಗಾಲ್ಫ್ ಇತಿಹಾಸದ ಪುಸ್ತಕಗಳಲ್ಲಿ. ಆ ಉತ್ತರದ ಹೆಸರು ವಾಲ್ಟರ್ ಟ್ರಾವಿಸ್.

ಟ್ರಾವಿಸ್ ಹುಟ್ಟಿದ್ದು 1862ರಲ್ಲಿ, ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದ ಮಾಲ್ಡನ್ ಎಂಬ ಚಿನ್ನದ ಗಣಿಯ ಊರಿನಲ್ಲಿ. ಕಬ್ಬಿಣ ಸಾಮಾನಿನ ವ್ಯಾಪಾರ ಸಂಸ್ಥೆಯೊಂದರ ಪ್ರತಿನಿಧಿಯಾಗಿ 1886ರಲ್ಲಿ ನ್ಯೂಯಾರ್ಕ್ ಸೇರಿದ ಗೃಹಸ್ಥ. ಗಾಲ್ಫ್ ಎಂದರೆ ಮೊದಮೊದಲು ಆತನಿಗೆ ತಾತ್ಸಾರವೇ ಇತ್ತು. ಸ್ನೇಹಿತರು ಗಾಲ್ಫ್ ಸಂಘ ಕಟ್ಟುತ್ತಿದ್ದಾರೆಂದು ತಿಳಿದ ಮೇಲೆ ಒಲ್ಲದ ಮನಸ್ಸಿನಿಂದ ಕೋಲುಗಳನ್ನು ಕೊಂಡ. ಮೊದಲ ಸಲ ಮೈದಾನಕ್ಕೆ ಇಳಿದದ್ದು 1896ರ ಅಕ್ಟೋಬರಿನಲ್ಲಿ, ಮೂವತ್ತೈದರ ಹೊಸ್ತಿಲಲ್ಲಿ. ಸ್ಕಾಟ್ಲೆಂಡಿನಲ್ಲಿ ಆ ಕಾಲಕ್ಕೆ ಈ ಆಟವನ್ನು ಮಕ್ಕಳು ನಡೆಯಲು ಕಲಿತ ಕೂಡಲೇ ಹಿಡಿಯುತ್ತಿದ್ದರು. ಅಂಥ ಆಟಕ್ಕೆ ಈತ ಗಡ್ಡ ನೆರೆಯುವ ಹೊತ್ತಿಗೆ ಬಂದ.

ಆತನ ಬಳಿ ದೇಹದ ಬಲವಿರಲಿಲ್ಲ, ಸಣಕಲು ಆಳು. ಚೆಂಡನ್ನು ದೂರ ಹೊಡೆಯುವುದು ಕೊನೆಯವರೆಗೂ ಒಲಿಯಲಿಲ್ಲ. ಆದ್ದರಿಂದ ಒಲಿಯಬಹುದಾದದ್ದನ್ನು ಹಿಡಿದುಕೊಂಡ: ನೇರವಾಗಿ ಹೊಡೆಯುವುದು, ಗುಳಿಯ ಹತ್ತಿರ ಬಂದ ಮೇಲೆ ತಪ್ಪದಿರುವುದು. ಗುರುವಿಲ್ಲದೆ ಪುಸ್ತಕಗಳನ್ನು ಓದಿ, ಇತರರನ್ನು ನೋಡಿ, ತಾನೇ ಮಾಡಿ ಮಾಡಿ ಕಲಿತ. ಎರಡೇ ವರ್ಷಕ್ಕೆ, 1898ರಲ್ಲಿ, ಅಮೆರಿಕದ ಹವ್ಯಾಸಿಗಳ ರಾಷ್ಟ್ರೀಯ ಪಂದ್ಯದ ಸೆಮಿಫೈನಲ್ ಮುಟ್ಟಿ ಫಿಂಡ್ಲೆ ಡಗ್ಲಸ್ ಎಂಬ ಸ್ಕಾಟಿಷ್ ಆಟಗಾರನಿಗೆ ಸೋತ. ಮರುವರ್ಷ ಮತ್ತೆ ಅದೇ ಹಂತ, ಅದೇ ಡಗ್ಲಸ್, ಅದೇ ಸೋಲು. 1900ರಲ್ಲಿ ನ್ಯೂಯಾರ್ಕಿನ ಗಾರ್ಡನ್ ಸಿಟಿಯಲ್ಲಿ ಫೈನಲ್ಲಿಗೆ ಬಂದಾಗಲೂ ಎದುರಿಗೆ ನಿಂತವನು ಡಗ್ಲಸ್ಸೇ. ಈ ಸಲ ಟ್ರಾವಿಸ್ ಗೆದ್ದ. ಕೋಲು ಹಿಡಿದು ನಾಲ್ಕು ವರ್ಷ ತುಂಬಿರಲಿಲ್ಲ. 1901ರಲ್ಲಿ ಮತ್ತು 1903ರಲ್ಲಿ ಮತ್ತೆ ಅದೇ ಪ್ರಶಸ್ತಿ. ಮೈದಾನದಲ್ಲಿ ಎಲ್ಲರೂ ಆತನನ್ನು 'ಮುದುಕ' ಎಂದೇ ಕರೆಯುತ್ತಿದ್ದರು. ಗೆದ್ದದ್ದು ಆ ಮುದುಕನೇ.

ಅಭ್ಯಾಸದ ಜೊತೆಗೆ ಆತನಿಗಿದ್ದ ಇನ್ನೊಂದು ಗುಣ ನನಗೆ ಇಷ್ಟ. ಹೊಸ ಸಲಕರಣೆ ಬಂದರೆ ಆತ ಅದನ್ನು ಕಣ್ಣು ಮುಚ್ಚಿ ಒಪ್ಪುತ್ತಿರಲಿಲ್ಲ, ಮೂಗು ಮುರಿಯುತ್ತಲೂ ಇರಲಿಲ್ಲ. ತಾನು ಪರೀಕ್ಷಿಸಿ ನೋಡುತ್ತಿದ್ದ. ಗಾಲ್ಫ್ ಚೆಂಡಿನ ಕಥೆಯೇ ಇಂಥ ಪರೀಕ್ಷೆಗಳ ಕಥೆ. ಹಳೆಯ ಕಾಲದಲ್ಲಿ ಬಾತುಕೋಳಿ ಜಾತಿಯ ಹಕ್ಕಿಯ ಗರಿಗಳನ್ನು, ಒಂದು ಟೋಪಿ ತುಂಬುವಷ್ಟು, ಬೇಯಿಸಿ ಚರ್ಮದ ಪುಟ್ಟ ಚೀಲಕ್ಕೆ ತುರುಕಿ ಹೊಲಿಯುತ್ತಿದ್ದರು. ಒಬ್ಬ ಕುಶಲಕರ್ಮಿ ಇಡೀ ದಿನ ಕೂತರೂ ಕೆಲವೇ ಚೆಂಡುಗಳಾಗುತ್ತಿದ್ದವು; ಮಳೆಗೆ ನೆಂದರೆ ಅವೂ ಹಾಳು. 1848ರ ಸುಮಾರಿಗೆ ಮಲಯದ ಕಡೆಯ ಗಟ್ಟಾಪರ್ಚಾ ಎಂಬ ಮರದ ಅಂಟಿನಿಂದ ಅಗ್ಗದ ಚೆಂಡು ಬಂತು. ನುಣ್ಣಗೆ, ದುಂಡಗೆ ನೋಡಲು ಚೆನ್ನಾಗಿತ್ತು, ಆದರೆ ನೆಟ್ಟಗೆ ಹಾರುತ್ತಿರಲಿಲ್ಲ. ಹೊಡೆತ ತಿಂದು ಗಾಯವಾದ ಹಳೆಯ ಚೆಂಡೇ ಹೊಸದಕ್ಕಿಂತ ಚೆನ್ನಾಗಿ ಹಾರುವುದನ್ನು ಆಟಗಾರರು ಕಂಡುಕೊಂಡರು. ಆಮೇಲೆ ಚೆಂಡು ಮಾಡುವವರೇ ಸುತ್ತಿಗೆಯಿಂದ ಅದರ ಮೈಮೇಲೆ ಗುರುತು ಹೊಡೆಯತೊಡಗಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಒರಳುಕಲ್ಲು. ರುಬ್ಬಿ ರುಬ್ಬಿ ನುಣ್ಣಗಾದ ಒರಳಿನಲ್ಲಿ ಹಿಟ್ಟು ನುರಿಯುವುದಿಲ್ಲವೆಂದು, ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಕಲ್ಲು ಕುಟ್ಟುವವಳನ್ನು ಅಮ್ಮ ಕರೆದು ಕೂರಿಸುತ್ತಿದ್ದರು. ಗಾಯವೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ.

1898ರಲ್ಲಿ ಅಮೆರಿಕದ ಒಹೈಯೊ ರಾಜ್ಯದ ಏಕ್ರನ್ ಪಟ್ಟಣದಲ್ಲಿ ಕೋಬರ್ನ್ ಹ್ಯಾಸ್ಕೆಲ್ ಎಂಬಾತ ಮೂರನೆಯ ಬಗೆಯ ಚೆಂಡು ಕಂಡುಹಿಡಿದ. ನಾವು ಉಲ್ಲನ್ ಉಂಡೆ ಸುತ್ತುತ್ತೇವಲ್ಲ, ಹಾಗೆಯೇ ರಬ್ಬರ್ ದಾರವನ್ನು ಬಿಗಿಯಾಗಿ ಸುತ್ತಿ ಮೇಲೆ ಹೊದಿಕೆ ಹಾಕಿದ ಚೆಂಡು. ಪುಟಿಯುವುದು ಜಾಸ್ತಿ, ಗುಳಿಯ ಹತ್ತಿರ ಹತೋಟಿಗೆ ಸಿಗುವುದಿಲ್ಲ ಎಂದು ಅನೇಕರು ಅನುಮಾನಿಸಿದರು. ಟ್ರಾವಿಸ್ 1901ರ ಪ್ರಶಸ್ತಿಯನ್ನು ಅದೇ ಚೆಂಡಿನಲ್ಲಿ ಗೆದ್ದ. ಕೆಲವೇ ವರ್ಷಗಳಲ್ಲಿ ಹಳೆಯ ಚೆಂಡು ಮಾಯವಾಯಿತು.

ಆದರೆ ಆತನ ಹೆಸರು ಉಳಿದದ್ದು ಒಂದು ಕೋಲಿನಿಂದ. ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಕೋಲಿಗೆ ಪಟರ್ ಎನ್ನುತ್ತಾರೆ. ನಾನು ಜಮಖಾನೆಯ ಮೇಲೆ ಹಿಡಿಯುವುದೂ ಅದನ್ನೇ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ ಆರ್ಥರ್ ನೈಟ್ ಎಂಬ ಎಂಜಿನಿಯರ್ ಇದ್ದ. ಸಾಮಾನ್ಯವಾಗಿ ಪಟರಿನ ದಂಡ ಅದರ ತಲೆಯ ಒಂದು ಅಂಚಿಗೆ ಸೇರಿರುತ್ತಿತ್ತು. ನೈಟ್ ಅಲ್ಯೂಮಿನಿಯಮ್ಮಿನ ದಪ್ಪ ತಲೆ ಮಾಡಿ, ದಂಡವನ್ನು ಹೆಚ್ಚುಕಡಿಮೆ ಮಧ್ಯಕ್ಕೇ ನೆಟ್ಟ. ತೂಕ ಸಮನಾಗಿ ಹಂಚಿಹೋದದ್ದರಿಂದ ಕೋಲು ಕೈಯಲ್ಲಿ ತಿರುಚಿಕೊಳ್ಳುವುದು ಕಡಿಮೆಯಾಯಿತು. ಊರಿನ ಹೆಸರೇ ಅದಕ್ಕೂ ಬಂತು.

1904ರಲ್ಲಿ ಟ್ರಾವಿಸ್ ಬ್ರಿಟಿಷ್ ಹವ್ಯಾಸಿ ಪಂದ್ಯಕ್ಕೆಂದು ಇಂಗ್ಲೆಂಡಿಗೆ ಹೋದ. ಅದುವರೆಗೆ ಆ ಪ್ರಶಸ್ತಿ ಹೊರದೇಶದವರ ಪಾಲಾಗಿರಲಿಲ್ಲ. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಆತನ ಆಟ ಕೆಟ್ಟುಹೋಯಿತು. ತನ್ನ ಪಟರ್ ತನಗೇ ತಿರುಗಿಬಿತ್ತು. ಕೊನೆಗಳಿಗೆಯಲ್ಲಿ ಸ್ನೇಹಿತನೊಬ್ಬನಿಂದ ಸ್ಕೆನೆಕ್ಟಡಿ ಕೋಲನ್ನು ಎರವಲು ತೆಗೆದುಕೊಂಡ. ಕೆಂಟ್ ಕರಾವಳಿಯ ಸ್ಯಾಂಡ್‌ವಿಚ್ ಎಂಬಲ್ಲಿ, ಬಾಯಲ್ಲಿ ಕಪ್ಪು ಚುಟ್ಟಾ ಕಚ್ಚಿಕೊಂಡು, ಮಾಜಿ ಚಾಂಪಿಯನ್ನರಾದ ಹೆರಾಲ್ಡ್ ಹಿಲ್ಟನ್, ಹೊರೇಸ್ ಹಚಿನ್ಸನ್ ಇಬ್ಬರನ್ನೂ ಮನೆಗೆ ಕಳಿಸಿದ. ಫೈನಲ್ಲಿನಲ್ಲಿ ಎದುರಾದವನು ಎಡ್ವರ್ಡ್ ಬ್ಲ್ಯಾಕ್‌ವೆಲ್, ಆ ಕಾಲದ ಅತಿ ದೂರದ ಹೊಡೆತಗಾರರಲ್ಲೊಬ್ಬ. ಬ್ಲ್ಯಾಕ್‌ವೆಲ್ಲನ ಚೆಂಡು ಟ್ರಾವಿಸನ ಚೆಂಡನ್ನು ಹಿಂದೆ ಹಾಕಿ ಹಾರುತ್ತಿತ್ತು. ಗುಳಿಯ ಬಳಿ ಲೆಕ್ಕ ತಲೆಕೆಳಗಾಗುತ್ತಿತ್ತು. ಇನ್ನೂ ಮೂರು ಗುಳಿ ಬಾಕಿಯಿರುವಾಗಲೇ ನಾಲ್ಕು ಗುಳಿಗಳ ಮುನ್ನಡೆಯಿಂದ ಟ್ರಾವಿಸ್ ಪಂದ್ಯ ಮುಗಿಸಿದ. ನಲವತ್ತೆರಡು ವರ್ಷದ ಆತನಿಗೆ ಅಲ್ಲಿ ಸಿಕ್ಕ ಆದರ ತಣ್ಣಗಿತ್ತೆಂದು ಮುಂದೆ ಆತನೇ ಬರೆದುಕೊಂಡಿದ್ದಾನೆ.

1910ರಲ್ಲಿ ಬ್ರಿಟನ್ನಿನ ನಿಯಮಕಾರರು ಅಂಥ ಕೋಲನ್ನು ನಿಷೇಧಿಸಿದರು. ಸೋತ ಸಿಟ್ಟಿಗೆ ಹೀಗೆ ಮಾಡಿದರು ಎಂಬ ಮಾತು ಇಂದಿಗೂ ಇದೆ. ಆದರೆ ನಿಷೇಧಕ್ಕೆ ಹಿನ್ನೆಲೆ ನ್ಯೂಜಿಲೆಂಡಿನ ಸಂಘವೊಂದು ಕೇಳಿದ ಪ್ರಶ್ನೆ. ಕ್ರೋಕೆ ಆಟದ ಸುತ್ತಿಗೆಯಂಥ ಕೋಲನ್ನು ಬಳಸಬಹುದೇ ಎಂದು ಅವರು ಕೇಳಿದ್ದರು. ಅಮೆರಿಕದವರು ಸ್ಕೆನೆಕ್ಟಡಿಯನ್ನು ಬಿಡಲಿಲ್ಲ. 1951ರಲ್ಲಿ ಎರಡೂ ಕಡೆಯವರು ಕೂತು ಒಂದೇ ನಿಯಮಾವಳಿ ಮಾಡಿಕೊಂಡಾಗಲೇ ಆ ಕೋಲಿಗೆ ಬ್ರಿಟನ್ನಿನಲ್ಲಿ ಬಿಡುಗಡೆ. ಅಷ್ಟು ಹೊತ್ತಿಗೆ ಟ್ರಾವಿಸ್ ತೀರಿಕೊಂಡು ಇಪ್ಪತ್ನಾಲ್ಕು ವರ್ಷವಾಗಿತ್ತು.

ಎಲ್ಲ ಆ ಕೋಲಿನ ಮಹಿಮೆ ಎಂದು ಆಗ ಹಲವರು ಅಂದರು. ನನಗೂ ಅದೇ ಆಸೆ ಹುಟ್ಟಿತು. ಬೆಂಗಳೂರಿಗೆ ಮಗಳ ಮನೆಗೆ ಹೋದಾಗ ಅಂಗಡಿಯೊಂದರಲ್ಲಿ ದಪ್ಪ ತಲೆಯ ಹೊಸ ಪಟರ್ ಕೇಳಿದೆ. ಅಂಗಡಿಯ ಹುಡುಗ ನನ್ನನ್ನು ಬಿಟ್ಟು ಯಜಮಾನರನ್ನೇ ನೋಡಿ, "ಸರ್, ನಿಮಗೆ ಎಷ್ಟು ಉದ್ದದ್ದು ಬೇಕು?" ಎಂದ. ಅವರು ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. ಕೋಲು ಮನೆಗೆ ಬಂತು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಹದಿನೈದು ದಿನ ಲೆಕ್ಕವಿಟ್ಟೆ: ಹಳೆಯದರಲ್ಲಿ ಇಪ್ಪತ್ತು ಚೆಂಡು, ಹೊಸದರಲ್ಲಿ ಇಪ್ಪತ್ತು. ಮೊದಲ ದಿನ ಹಳೆಯದು ಏಳು, ಹೊಸದು ಹನ್ನೊಂದು. ನಾನು ಹಿಗ್ಗಿದೆ. ಹದಿನೈದನೆಯ ದಿನ ಹಳೆಯದು ಹನ್ನೆರಡು, ಹೊಸದು ಹದಿಮೂರು. ಹೊಸ ಕೋಲು ಕೊಟ್ಟದ್ದು ಒಂದು ಚೆಂಡು. ಮಿಕ್ಕದ್ದನ್ನು ಕೊಟ್ಟದ್ದು ಹದಿನೈದು ಮಧ್ಯಾಹ್ನ.

ಟ್ರಾವಿಸನ ವಿಷಯದಲ್ಲೂ ಹೀಗೇ ಇರಬೇಕು. ಎರವಲು ಕೋಲನ್ನು ಹಿಡಿದ ಕೈ ಎಂಟು ವರ್ಷ ದುಡಿದ ಕೈ. 1915ರಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ವಲಯದ ಹವ್ಯಾಸಿ ಪ್ರಶಸ್ತಿಯನ್ನು ಆತ ಮತ್ತೊಮ್ಮೆ ಗೆದ್ದ. 1924ರಲ್ಲಿ ತರುಣ ಬಾಬಿ ಜೋನ್ಸನಿಗೆ ಪಟರ್ ಹಿಡಿಯುವ ಬಗೆಯನ್ನೂ ಪಾದಗಳನ್ನು ಹತ್ತಿರ ಇಡುವುದನ್ನೂ ಹೇಳಿಕೊಟ್ಟ. ಆ ಜೋನ್ಸ್ 1930ರಲ್ಲಿ ಅಮೆರಿಕ, ಬ್ರಿಟನ್ನುಗಳ ನಾಲ್ಕೂ ದೊಡ್ಡ ಪ್ರಶಸ್ತಿಗಳನ್ನು ಒಂದೇ ವರ್ಷ ಗೆದ್ದು, ಹವ್ಯಾಸಿಯಾಗಿಯೇ ಉಳಿದು ನಿವೃತ್ತನಾದ.

ಹೆಂಗಸರಿಗೆ ಈ ಆಟದಲ್ಲಿ 'ಇಷ್ಟು ಸಾಕು' ಎಂಬ ಗೆರೆಯನ್ನು ಹಿಂದೆಯೇ ಎಳೆದಿದ್ದರು. 1867ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ಮಹಿಳೆಯರ ಸಂಘ ಶುರುವಾದದ್ದೇ ಬರೀ ಪಟರ್ ಆಟಕ್ಕೆ. ಹೆಂಗಸರು ಕೋಲನ್ನು ಭುಜದ ಮೇಲಕ್ಕೆ ಎತ್ತಿ ಬೀಸುವುದು ಅವರ ಉಡುಪಿಗೆ ಚೆನ್ನಾಗಿ ಕಾಣುವುದಿಲ್ಲವೆಂದು 1890ರ ಪುಸ್ತಕವೊಂದರಲ್ಲಿ ಪ್ರಭುಗಳೊಬ್ಬರು ಬರೆದರು. ಮೂರೇ ವರ್ಷಕ್ಕೆ, 1893ರಲ್ಲಿ, ಮೊದಲ ಬ್ರಿಟಿಷ್ ಮಹಿಳಾ ಪಂದ್ಯ ನಡೆಯಿತು. ಗೆದ್ದವಳು ಲೇಡಿ ಮಾರ್ಗರೆಟ್ ಸ್ಕಾಟ್. ನೆಲ ಗುಡಿಸುವಂಥ ಉದ್ದ ಲಂಗದಲ್ಲೇ ಕೋಲನ್ನು ಭುಜದಾಚೆಗೂ ಒಯ್ದು ಪೂರ್ತಿಯಾಗಿ ಬೀಸುತ್ತಿದ್ದಳು. 1894, 1895ರಲ್ಲೂ ಅವಳೇ ಗೆದ್ದಳು.

ನಮ್ಮ ಬೆಂಗಳೂರಿಗೂ ಈ ಆಟ ಹೊಸದಲ್ಲ. ಅಲ್ಲಿಯ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೂ ನಮ್ಮಂಥವರ ಮನೆಯ ಹಜಾರಕ್ಕೆ ಗಾಲ್ಫ್ ಬಂದದ್ದು 2021ರ ಆಗಸ್ಟಿನ ಒಂದು ಬೆಳಗ್ಗೆ. ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಅಂಚಿನಲ್ಲಿದ್ದಳು. ಅವಳ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದದ್ದು ಅವಳ ತಾಯಿ. ದೂರದ ಹೊಡೆತದಲ್ಲಿ ಹಿಂದೆ, ಗುಳಿಯ ಬಳಿ ಮುಂದೆ: ಟ್ರಾವಿಸನದೇ ಲೆಕ್ಕ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವಳಾದಳು. ಒಲೆಯ ಮೇಲೆ ಹಾಲಿಟ್ಟು ಟಿ.ವಿ. ಮುಂದೆ ನಿಂತಿದ್ದೆ, ಹಾಲು ಉಕ್ಕಿದ್ದು ಗೊತ್ತೇ ಆಗಲಿಲ್ಲ.

ನಾನು ಯಾವ ಪಂದ್ಯವನ್ನೂ ಗೆಲ್ಲುವವಳಲ್ಲ. ಮೈದಾನದ ಗುಳಿಯ ಅಗಲ ನಾಲ್ಕೂಕಾಲು ಅಂಗುಲ, ನನ್ನ ಲೋಟದ ಬಾಯಿ ಮೂರೂ ಇಲ್ಲ. ಊರಾಚೆಯ ಮೈದಾನದಲ್ಲಿ ಮೊದಲ ಸಲ ನಿಜವಾದ ಗುಳಿ ನೋಡಿದಾಗ ಅನ್ನದ ತಪ್ಪಲೆಯಷ್ಟು ಅಗಲ ಕಂಡಿತು.

ಹೇಳಬೇಕಾದದ್ದು ಇನ್ನೊಂದಿದೆ. ಮೊದಮೊದಲು ಲೋಟ ಸೇರಿದ ಚೆಂಡನ್ನು ನಾನೇ ಹೋಗಿ ತರುತ್ತಿದ್ದೆ. ಆಮೇಲೆ ಯಜಮಾನರು ಎಡಗೈಯಿಂದ ಉರುಳಿಸತೊಡಗಿದರು. ಕಳೆದ ದೀಪಾವಳಿಯ ಹೊತ್ತಿಗೆ ಒಂದು ಮಧ್ಯಾಹ್ನ ನೋಡುತ್ತೇನೆ, ಬಲಗೈ ಬೆರಳುಗಳನ್ನು ಎಡಗೈಯಿಂದ ಬಿಡಿಸಿ, ಚೆಂಡಿನ ಮೇಲೆ ಮುಚ್ಚಿ, ಬಲಗೈಯಿಂದಲೇ ನನ್ನ ಕಡೆ ತಳ್ಳುತ್ತಿದ್ದಾರೆ. ಚೆಂಡು ಅರ್ಧ ಜಮಖಾನೆಗೆ ನಿಂತಿತು. ನಾನು ಏನೂ ಅನ್ನಲಿಲ್ಲ. ಈಗ ಹಾಲಿನ ಪುಸ್ತಕದಲ್ಲಿ ಎರಡು ಸಾಲು ಲೆಕ್ಕವಿದೆ, ನನ್ನದೊಂದು, ಅವರದೊಂದು. ಕೈ ಪೂರ್ತಿ ಗುಣವಾಗಿಲ್ಲ, ಆಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಚೆಂಡು ಈಗ ನನ್ನ ಕಾಲಿನವರೆಗೆ ಬರುತ್ತದೆ.

ಮೊನ್ನೆ ಪಕ್ಕದ ಮನೆಯಾಕೆ ಮತ್ತೆ ಬಂದಿದ್ದರು. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಎಲ್ಲಿ, ಆ ಕೋಲು ಒಂದು ಸಲ ಕೊಡಿ ನೋಡೋಣ," ಎಂದರು.