ದಿವಾಳಿಯ ಪಟ್ಟಿಯಿಂದ ಎದ್ದು ಬಂದ ಮನೆ

ಪ್ರಾಜೆಕ್ಟ್ ಕೆಲಸಕ್ಕೆಂದು ಮೂರು ವಾರ ನೆದರ್ಲೆಂಡ್ಸ್‌ಗೆ ಹೋಗಿದ್ದೆ. ಪುಣೆಗೆ ವಾಪಸಾದ ಮೇಲೆ ನಮ್ಮ ಮಹಿಳಾ ವೇದಿಕೆಯ ಗೆಳತಿಯರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಟ್ಯೂಲಿಪ್ ತೋಟ ನೋಡಿದೆಯಾ?" ಇಲ್ಲ, ನೋಡಲಿಲ್ಲ. ಬಿಡುವು ಸಿಕ್ಕ ಒಂದು ಶನಿವಾರ ಪೂರ್ತಿ ನಾನು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಬ್ಬ ಚಿತ್ರಕಾರನ ಮನೆಯೊಳಗಿದ್ದೆ. ಅದರ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ರೆಂಬ್ರಾಂಟ್ (1606–1669) ಹೆಸರು ಕೇಳದವರು ಕಡಿಮೆ. ಅವನ ದೊಡ್ಡ ತೈಲಚಿತ್ರಗಳನ್ನು ನೋಡಬೇಕೆಂದರೆ ಅದೇ ಊರಿನ ರೈಕ್ಸ್ ಮ್ಯೂಸಿಯಂಗೆ ಹೋಗಬೇಕು. ಯೋಡೆನ್‌ಬ್ರೇಸ್ಟ್ರಾಟ್ ರಸ್ತೆಯ ಈ ಮನೆಯಲ್ಲಿರುವುದು ಅವನು ಬದುಕಿದ, ದುಡಿದ, ಸಾಲ ಮಾಡಿದ ಜಾಗ.

ಸಾಲ ಎಂದೆನಲ್ಲ, ಅಲ್ಲಿಂದಲೇ ಶುರು ಮಾಡೋಣ. 1639ರಲ್ಲಿ ಈ ಮನೆಯನ್ನು ಅವನು 13,000 ಗಿಲ್ಡರಿಗೆ ಕೊಂಡ. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಸ್ವಲ್ಪ ಭಾಗವನ್ನು ಮೊದಲು ಕೊಟ್ಟು, ಉಳಿದದ್ದನ್ನು ಕೆಲವು ವರ್ಷಗಳಲ್ಲಿ ತೀರಿಸುತ್ತೇನೆಂದು ಒಪ್ಪಂದವಾಯಿತು. ಹೋಮ್ ಲೋನಿನ ಕಂತು ಕಟ್ಟುವ ನಮಗೆಲ್ಲ ಇದು ಹೊಸ ಮಾತಲ್ಲ. ಆದರೆ ರೆಂಬ್ರಾಂಟ್ ಕಂತು ಪೂರ್ತಿ ಕಟ್ಟಲಿಲ್ಲ. ಸಂಪಾದನೆ ಚೆನ್ನಾಗಿದ್ದ ಕಾಲದಲ್ಲೂ ಹರಾಜಿನಲ್ಲಿ ಕಲಾವಸ್ತು ಕೊಳ್ಳುವುದರಲ್ಲಿ ಹಣ ಸುರಿದ. 1653ರಲ್ಲಿ ಮನೆ ಮಾರಿದವನು ಬಾಕಿ ಕೇಳಿ ಬೆನ್ನು ಹತ್ತಿದಾಗ, ಆ ಸಾಲ ತೀರಿಸಲು ಬೇರೆಯವರಲ್ಲಿ ಸಾಲ ಎತ್ತಿದ. 1656ರಲ್ಲಿ ಕೈಚೆಲ್ಲಿ ದಿವಾಳಿಗೆ ಅರ್ಜಿ ಹಾಕಿದ.

ಆ ಜುಲೈನಲ್ಲಿ ಅಧಿಕಾರಿಗಳು ಬಂದು ಕೋಣೆಯಿಂದ ಕೋಣೆಗೆ ನಡೆದು, ಕಣ್ಣಿಗೆ ಕಂಡದ್ದನ್ನೆಲ್ಲ ಬರೆದುಕೊಂಡರು. ಒಟ್ಟು 363 ನಮೂದುಗಳು. ಎರಡು ವರ್ಷದ ನಂತರ ಮನೆ 11,218 ಗಿಲ್ಡರಿಗೆ ಮಾರಾಟವಾಯಿತು. ಮುಂದೆ ಅದು ಕೈಯಿಂದ ಕೈಗೆ ಹೋಗಿ, ಒಳಗೆಲ್ಲ ಬದಲಾಗಿ, ಹತ್ತೊಂಬತ್ತನೇ ಶತಮಾನ ಮುಗಿಯುವಷ್ಟರಲ್ಲಿ ಪಾಳು ಬೀಳುವ ಸ್ಥಿತಿಗೆ ಬಂದಿತ್ತು. 1911ರಲ್ಲಿ ಮ್ಯೂಸಿಯಂ ಆಗಿ ತೆರೆದಾಗಲೂ ಅಲ್ಲಿ ರೆಂಬ್ರಾಂಟ್‌ನ ಕಾಲದ ಒಳಾಂಗಣ ಇರಲಿಲ್ಲ. 1990ರ ದಶಕದ ಕೊನೆಯಲ್ಲಿ, ಕೋಣೆಗಳನ್ನು ಮೊದಲಿದ್ದಂತೆ ಮಾಡಬೇಕೆಂದು ಹೊರಟವರಿಗೆ ದಾರಿ ತೋರಿಸಿದ್ದು ಅದೇ ದಿವಾಳಿಯ ಪಟ್ಟಿ. ಯಾವ ಕೋಣೆಯಲ್ಲಿ ಏನಿತ್ತು ಎಂಬುದು ಅದರಲ್ಲಿತ್ತು. ಅವನ ಸ್ವಂತ ಸಾಮಾನು ಎಂದೋ ಚದುರಿಹೋಗಿತ್ತು, ಹಾಗಾಗಿ ಅದೇ ಕಾಲದ ಮೇಜು, ಕುರ್ಚಿ, ಚಿತ್ರಗಳನ್ನು ಹುಡುಕಿ ತಂದು ಜೋಡಿಸಿದರು. ಸರ್ವರ್ ಪೂರ್ತಿ ಕುಸಿದಾಗ ಹಳೆಯ ಬ್ಯಾಕಪ್ಪಿನಿಂದ ಎಬ್ಬಿಸುತ್ತೇವಲ್ಲ, ನನ್ನ ವೃತ್ತಿಯವರಿಗೆ ಹಾಗೆಯೇ ಕಾಣುತ್ತದೆ. ಆದರೆ ಇಲ್ಲಿ ಬ್ಯಾಕಪ್ ಮಾಡಿಟ್ಟವರು ಮನೆ ಖಾಲಿ ಮಾಡಿಸಲು ಬಂದವರು!

ಒಳಗೆ ಹೋದರೆ ಮೊದಲು ಸಿಗುವ ಹಜಾರವೇ ಅವನ ಅಂಗಡಿ. ಗಿರಾಕಿಗಳು ಅಲ್ಲಿ ಚಿತ್ರ ನೋಡಿ ಕೊಳ್ಳುತ್ತಿದ್ದರು. ಕಡಿದಾದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಕೆಲಸದ ಕೋಣೆ. ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಅಲ್ಲೇ. ಕಿಟಕಿಗಳು ಉತ್ತರಕ್ಕೆ ಮುಖ ಮಾಡಿವೆ. ನೇರ ಬಿಸಿಲು ಬೀಳದ್ದರಿಂದ ಬೆಳಕು ದಿನವಿಡೀ ಹೆಚ್ಚು ಬದಲಾಗದೆ ಮೆತ್ತಗೆ ಹರಡಿರುತ್ತದೆ. ಅಲ್ಲಿನ ಸಿಬ್ಬಂದಿಯೊಬ್ಬರು ಕಲ್ಲಿನ ಮೇಲೆ ಬಣ್ಣದ ಪುಡಿಗೆ ಅಗಸೆ ಎಣ್ಣೆ ಬೆರೆಸಿ ಅರೆದು ತೋರಿಸುತ್ತಿದ್ದರು. ಒರಳಿನಲ್ಲಿ ಚಟ್ನಿ ಅರೆಯುವ ನಮ್ಮ ಅಜ್ಜಿಯ ಕೈ ತಿರುಗುವ ರೀತಿಯೇ. ಎಣ್ಣೆ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಅಳತೆಯೆಲ್ಲ ಕೈಗೇ ಗೊತ್ತು. ಟ್ಯೂಬಿನಲ್ಲಿ ಬಣ್ಣ ಸಿಗದ ಕಾಲದಲ್ಲಿ ಶಿಷ್ಯರ ದಿನ ಹೀಗೆಯೇ ಆರಂಭವಾಗುತ್ತಿತ್ತು.

ಇನ್ನೊಂದು ಕೋಣೆ ಅವನ ಸಂಗ್ರಹದ್ದು. ಶಂಖ, ಹವಳ, ರೋಮನ್ ಚಕ್ರವರ್ತಿಗಳ ತಲೆಗಳು, ಆಯುಧಗಳು, ಕಪಾಟು ತುಂಬ ಚಿತ್ರಗಳ ಸಂಪುಟಗಳು. ಇಲ್ಲಿ ನಮಗೂ ಒಂದು ಎಳೆ ಸಿಗುತ್ತದೆ. ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೂರತ್ತಿನಲ್ಲಿ ಕೋಠಿ ಇತ್ತು, ಬಟ್ಟೆ, ನೀಲಿಯ ಜೊತೆ ಮೊಘಲ್ ಚಿತ್ರಗಳೂ ಹಡಗು ಹತ್ತಿದವು. ರೆಂಬ್ರಾಂಟ್ ಅವುಗಳನ್ನು ನೋಡಿ, ಏಷ್ಯಾದಿಂದ ಬಂದ ಕಾಗದದ ಮೇಲೆಯೇ ತನ್ನ ಕೈಯಲ್ಲಿ ಬರೆದ. ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ, ಷಹಜಹಾನನೂ ಅವುಗಳಲ್ಲಿದ್ದಾನೆ. ಅವು ರಚನೆಯಾದದ್ದು ಸರಿಸುಮಾರು ದಿವಾಳಿಯ ವರ್ಷಗಳಲ್ಲಿ. ಮನೆ ಕೈಬಿಡುತ್ತಿರುವಾಗ ಒಬ್ಬ ಮನುಷ್ಯ ಕುಳಿತು ಆಗ್ರಾದ ದೊರೆಯ ಪೇಟದ ಮಡಿಕೆಗಳನ್ನು ಬಿಡಿಸುತ್ತಾನೆ ಎಂದರೆ ಏನೆನ್ನಬೇಕೋ!

ನೆಲಮಾಳಿಗೆಯ ಅಡುಗೆಮನೆಗೆ ಪಟ್ಟಿಯಲ್ಲಿ ಸಿಕ್ಕಿರುವುದು ಕೆಲವೇ ಸಾಲು: ಒಂದಷ್ಟು ಪಾತ್ರೆ, ಸಣ್ಣ ಮೇಜು, ಹಳೆಯ ಕುರ್ಚಿಗಳು. ಸಂಗ್ರಹದ ಕೋಣೆಗೆ ಪುಟಗಟ್ಟಲೆ. ಅಡುಗೆಮನೆಯ ಗೋಡೆಗೆ ಕಪಾಟಿನಂಥ ಒಂದು ಹಾಸಿಗೆ ಇದೆ, ಮನೆಗೆಲಸದವಳು ಮಲಗುವ ಜಾಗ. ಆಡಿಯೋ ಗೈಡ್ ಮುಂದಿನ ಕೋಣೆಗೆ ಕರೆಯುತ್ತಿದ್ದರೂ ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಈ ಮನೆಯನ್ನು ನಡೆಸಿದವರು ಮೂವರು ಹೆಂಗಸರು. ಮೊದಲನೆಯವಳು ಹೆಂಡತಿ ಸಾಸ್ಕಿಯಾ. ಮೂರು ಕೂಸುಗಳನ್ನು ಕಳೆದುಕೊಂಡು, ನಾಲ್ಕನೆಯವನಾದ ಟೈಟಸ್ ಹುಟ್ಟಿದ ಮರುವರ್ಷ, 1642ರಲ್ಲಿ ಇದೇ ಮನೆಯಲ್ಲಿ ತೀರಿಕೊಂಡಳು. ತನ್ನ ಪಾಲಿನ ಆಸ್ತಿ ಮಗನಿಗೆ, ಗಂಡ ಮರುಮದುವೆಯಾದರೆ ಅವನಿಗೆ ಅದರ ಅನುಭೋಗ ಇಲ್ಲ ಎಂದು ಉಯಿಲು ಬರೆದಿದ್ದಳು.

ಕೂಸನ್ನು ನೋಡಿಕೊಳ್ಳಲು ಬಂದವಳು ಗೀರ್ಟ್ಯೆ ಡಿರ್ಕ್ಸ್ ಎಂಬ ವಿಧವೆ. ಸಾಸ್ಕಿಯಾಳ ಒಡವೆಯೂ ಅವಳ ಕೈ ಸೇರಿತು. ಮದುವೆಯಾಗುತ್ತೇನೆಂದು ಮಾತು ಕೊಟ್ಟು ತಪ್ಪಿದನೆಂದು 1649ರಲ್ಲಿ ಅವಳು ದೂರು ಕೊಟ್ಟಳು. ವರ್ಷಕ್ಕೆ 200 ಗಿಲ್ಡರ್ ಕೊಡಬೇಕೆಂದು ತೀರ್ಪಾಯಿತು. ಮರುವರ್ಷವೇ ರೆಂಬ್ರಾಂಟ್ ನೆರೆಹೊರೆಯವರಿಂದ ಅವಳ ವಿರುದ್ಧ ಹೇಳಿಕೆ ಸಂಗ್ರಹಿಸಿ, ಅವಳನ್ನು ಖೌಡಾ ಎಂಬ ಊರಿನ ಬಂಧೀಖಾನೆಗೆ ಕಳಿಸಿದ. ಅದು ಹೆಂಗಸರನ್ನು 'ತಿದ್ದುವ' ಜಾಗ. ಐದು ವರ್ಷ ಅಲ್ಲಿದ್ದಳು. ಗೆಳತಿಯರು ಓಡಾಡಿ ಬಿಡಿಸಿದಾಗ, ಬಿಡಿಸಬೇಡಿ ಎಂದು ತಡೆಯಲು ನೋಡಿದವನೂ ಅವನೇ. ಮುಖದ ಒಂದೊಂದು ಸುಕ್ಕಿನಲ್ಲೂ ಕರುಣೆ ತುಂಬಿದ ಆ ಕುಂಚ ಇದೇ ಕೈಯದು. ಅವನ ಚಿತ್ರ ನೋಡುವುದನ್ನು ನಾನು ಬಿಟ್ಟಿಲ್ಲ, ಆದರೆ ಈ ವಿಷಯದಲ್ಲಿ ಅವನ ಪರ ವಾದಿಸಲು ನನ್ನಲ್ಲಿ ಏನೂ ಇಲ್ಲ.

ಮೂರನೆಯವಳು ಹೆಂಡ್ರಿಕ್ಯೆ ಸ್ಟಾಫೆಲ್ಸ್, ಅವಳೂ ಕೆಲಸದವಳಾಗಿ ಬಂದವಳು. ಮದುವೆಯಿಲ್ಲದೆ ಬಾಳುತ್ತಿದ್ದಾಳೆಂದು 1654ರಲ್ಲಿ ಚರ್ಚಿನ ಮಂಡಳಿ ಗರ್ಭಿಣಿಯನ್ನು ಕರೆಸಿ ವಿಚಾರಿಸಿತು, ಪ್ರಭುಭೋಜನದಿಂದ ಹೊರಗಿಟ್ಟಿತು. ಅದೇ ಅಕ್ಟೋಬರಿನಲ್ಲಿ ಮಗಳು ಕೊರ್ನೇಲಿಯಾ ಹುಟ್ಟಿದಳು. ದಿವಾಳಿಯಾದ ಮೇಲೆ ಕುಟುಂಬ ರೋಸನ್‌ಖ್ರಾಖ್ಟ್ ಕಾಲುವೆಯ ಬಾಡಿಗೆ ಮನೆಗೆ ಹೋಯಿತು. 1660ರಲ್ಲಿ ಹೆಂಡ್ರಿಕ್ಯೆ ಮತ್ತು ಟೈಟಸ್ ಸೇರಿ ಚಿತ್ರ ಮಾರುವ ಒಂದು ವ್ಯಾಪಾರ ಸಂಸ್ಥೆ ಮಾಡಿದರು. ಕಾಗದದ ಪ್ರಕಾರ ಮಾಲೀಕರು ಅವರಿಬ್ಬರು, ರೆಂಬ್ರಾಂಟ್ ಊಟ-ವಸತಿಗೆ ದುಡಿಯುವವನು. ಅವನು ಬರೆದದ್ದು ಸಾಲಗಾರರ ಕೈ ಸೇರದಂತೆ ಕಾಯ್ದದ್ದು ಈ ಏರ್ಪಾಡು. 1663ರಲ್ಲಿ, ಪ್ಲೇಗ್ ಹಬ್ಬಿದ್ದಾಗ, ಹೆಂಡ್ರಿಕ್ಯೆ ತೀರಿಕೊಂಡಳು. ಅದಕ್ಕೆ ಹಿಂದಿನ ವರ್ಷ ರೆಂಬ್ರಾಂಟ್ ಸಾಸ್ಕಿಯಾಳ ಸಮಾಧಿಯ ಜಾಗವನ್ನೂ ಮಾರಿದ್ದ.

ಆ ಪಟ್ಟಿಯ ಕೊನೆಯಲ್ಲಿರುವುದು ಚಿತ್ರವಲ್ಲ, ಶಂಖವಲ್ಲ. ಬಿಳುಪು ಮಾಡಲು ಅಗಸರ ಬಳಿ ಹೋಗಿದೆಯೆಂದು ಮನೆಯವರು ಹೇಳಿದ ಬಟ್ಟೆಗಳು: ಕೆಲವು ಗಂಡಸರ ಅಂಗಿ, ಕರವಸ್ತ್ರ, ಊಟದ ಮೇಜಿನ ಬಟ್ಟೆ. ಅಧಿಕಾರಿ ಅವನ್ನು ಕಣ್ಣಾರೆ ನೋಡಿರಲಿಲ್ಲ. ಒಗೆಯಲು ಎಷ್ಟು ಅಂಗಿ ಹೋಗಿವೆ ಎಂಬ ಲೆಕ್ಕ ಆ ಮನೆಯಲ್ಲಿ ಯಾರ ತಲೆಯಲ್ಲಿತ್ತು ಎಂದು ನಮ್ಮ ವೇದಿಕೆಯವರಿಗೆ ನಾನು ಹೇಳಬೇಕಾಗಿಲ್ಲ.