ಕೋಡಂಬಾಕ್ಕಂಗೆ ಮಿಡಿ ಬಂದ ಕಥೆ

ಹೋದ ತಿಂಗಳು ಫೋನಲ್ಲಿ ಅಮ್ಮನಿಗೆ "ಮಿಡಿ ಎಡಿಟ್ ಮಾಡ್ತಾ ಕೂತಿದೀನಿ" ಅಂದೆ. "ಚೆನ್ನೈಲಿ ಮಾವಿನ ಮಿಡಿ ಸಿಗತ್ತೇನೋ?" ಅಂತ ಕೇಳಿದಳು. ಉಪ್ಪಿನಕಾಯಿ ವಿಡಿಯೋ ಅಂದುಕೊಂಡು ಬಂದವರು ಕ್ಷಮಿಸಬೇಕು, ಇದು ಇನ್ನೊಂದು ಮಿಡಿ.

1983ರ ಜನವರಿಯಲ್ಲಿ ಅಮೆರಿಕದ ಅನಾಹೈಮ್‌ನ ವಾದ್ಯ ಪ್ರದರ್ಶನದಲ್ಲಿ ಎರಡು ಬೇರೆ ಬೇರೆ ಕಂಪನಿಯ ಸಿಂಥಸೈಜರ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸಿ ತೋರಿಸಿದರು: ಪ್ರೊಫೆಟ್-600 ಮತ್ತು ರೋಲಂಡ್ ಜುಪಿಟರ್-6. ಒಂದರಲ್ಲಿ ಕೀ ಒತ್ತಿದರೆ ಇನ್ನೊಂದು ನುಡಿಯಿತು. ಇದರ ಹಿಂದೆ ಇದ್ದವರು ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ. ಮಿಡಿ ಒಳಗೆ ಸದ್ದೇ ಇಲ್ಲ ಅನ್ನೋದು ನಮ್ಮಂಥವರಿಗೆ ಬೇಗ ಅರ್ಥವಾಗತ್ತೆ. ಅದು ಒಂಥರಾ ಲಾಗ್ ಫೈಲ್. ಯಾವ ಚಾನೆಲ್, ಯಾವ ಸ್ವರ, ಎಷ್ಟು ಜೋರು, ಅಷ್ಟೇ, ಮೂರು ಬೈಟ್. ಸ್ವರಕ್ಕೆ 0ರಿಂದ 127ರವರೆಗೆ ನಂಬರ್.

ಅದೇ ಜನವರಿಯಲ್ಲಿ ನಮ್ಮಲ್ಲಿ 'ಪಲ್ಲವಿ ಅನುಪಲ್ಲವಿ' ಬಿಡುಗಡೆಯಾಯಿತು. ಮಣಿರತ್ನಂ ಅವರ ಮೊದಲ ಸಿನಿಮಾ, ಅದೂ ಕನ್ನಡದಲ್ಲಿ. ಇಳಯರಾಜ ಅವರ ಆ ಟ್ಯೂನ್ ಆಮೇಲೆ ಐಡಿಯಾ ಮೊಬೈಲ್ ಜಾಹೀರಾತಿಗೂ ಬಂತು, ನಿಮಗೆಲ್ಲ ಬಾಯಿಪಾಠ. ಆಗ ಕನ್ನಡದ ಎಷ್ಟೋ ಹಾಡು ಹುಟ್ಟುತ್ತಿದ್ದುದು ಮದ್ರಾಸಿನ ಸ್ಟುಡಿಯೋಗಳಲ್ಲೇ. ಇಳಯರಾಜ ಪಳಗಿದ್ದೂ ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗೆ. ದೊಡ್ಡ ಹಾಲ್, ಸಾಲು ಸಾಲು ವಯಲಿನ್, ಕೈಯಲ್ಲಿ ಬರೆದ ನೊಟೇಷನ್. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಅಂಡೂ ಬಟನ್ ಇಲ್ಲದ ಕಾಲ.

ಮೂರೇ ವರ್ಷಕ್ಕೆ, 1986ರಲ್ಲಿ, 'ಪುನ್ನಗೈ ಮನ್ನನ್' ಬಂತು. ಕಂಪ್ಯೂಟರ್ ಸೀಕ್ವೆನ್ಸರ್ ಬಳಸಿದ ನಮ್ಮ ದೇಶದ ಮೊದಮೊದಲ ಸಿನಿಮಾಗಳಲ್ಲಿ ಒಂದು, ಅದೂ ಇಳಯರಾಜರದ್ದೇ. ಅವರ ಬಳಿ ಕೀಬೋರ್ಡ್ ನುಡಿಸುತ್ತಿದ್ದ ದಿಲೀಪ್ ಅನ್ನೋ ಹುಡುಗ 1989ರಲ್ಲಿ ಕೋಡಂಬಾಕ್ಕಂನ ಮನೆಯ ಹಿತ್ತಲಲ್ಲೇ ಸ್ಟುಡಿಯೋ ಕಟ್ಟಿದ: ಪಂಚತನ್ ರೆಕಾರ್ಡ್ ಇನ್. ಅಷ್ಟರಲ್ಲಿ ಹುಡುಗ ಎ.ಆರ್. ರೆಹಮಾನ್ ಆಗಿದ್ದ. 1992ರಲ್ಲಿ ಅದೇ ಮಣಿರತ್ನಂ 'ರೋಜಾ' ಮಾಡಿದರು. ರೆಹಮಾನ್‌ಗೆ ರಾಷ್ಟ್ರ ಪ್ರಶಸ್ತಿ. ಕೊಳಲು, ಗಾಯಕರು ಎಲ್ಲ ಉಳಿದರು. ಆದರೆ ಸಾಲು ವಯಲಿನ್‌ಗಳ ಕೆಲಸವನ್ನು ಕೀಬೋರ್ಡ್ ಮುಂದೆ ಕೂತ ಒಬ್ಬನೇ ಮಾಡಬಹುದು ಅಂತ ಎಲ್ಲ ಪ್ರೊಡ್ಯೂಸರ್‌ಗಳಿಗೂ ಗೊತ್ತಾಯಿತು.

ನಾನಿರೋದು ವಡಪಳನಿಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ವಯಲಿನ್ ಮಾಮಾ ಅಂತಾರೆ. ಕನ್ನಡ ಹಾಡಿನ ಇಂಟರ್‌ಲ್ಯೂಡ್ ಎಷ್ಟೋ ಬರತ್ತೆ, ಕನ್ನಡ ಒಂದಕ್ಷರ ಬರಲ್ಲ. ಒಂದು ಕಾಲದಲ್ಲಿ ದಿನಕ್ಕೆ ಎರಡು ಕಾಲ್‌ಶೀಟ್. 95ರ ಹೊತ್ತಿಗೆ ವಾರಕ್ಕೊಂದು ಬಂದರೆ ಪುಣ್ಯ. ಆಮೇಲೆ ಮಕ್ಕಳಿಗೆ ಪಾಠ ಹೇಳಿ ಸಂಸಾರ ತೂಗಿಸಿದರು. ಯಾರನ್ನೂ ಬೈಯಲ್ಲ. "ರೆಹಮಾನ್ ಇಲ್ಲದಿದ್ರೆ ಇನ್ನೊಬ್ಬ ಬರ್ತಿದ್ದ" ಅಂತಾರೆ.

'ಪಲ್ಲವಿ ಅನುಪಲ್ಲವಿ' ಟ್ಯೂನನ್ನು ನಾನು ಪಿಯಾನೋ ರೋಲ್‌ನಲ್ಲಿ ಕೂರಿಸಿ, ಎಲ್ಲಾ ಸ್ವರ ಸೆಲೆಕ್ಟ್ ಮಾಡಿ ಕ್ವಾಂಟೈಜ್ ಒತ್ತಿ, ಬಹಳ ಹೆಮ್ಮೆಯಿಂದ ಅವರಿಗೆ ಕೇಳಿಸಿದೆ. ಕ್ವಾಂಟೈಜ್ ಅಂದರೆ ಪ್ರತಿ ಸ್ವರವನ್ನೂ ಎಳೆದು ಗೆರೆಯ ಮೇಲೆ ನಿಲ್ಲಿಸೋದು. ಮಾಮಾ ಕಣ್ಣುಮುಚ್ಚಿ ಕೇಳಿದರು. "ಇದ್ರಲ್ಲಿ ಇಪ್ಪತ್ತು ವಯಲಿನ್ ಇಲ್ಲಪ್ಪಾ. ಒಂದೇ ವಯಲಿನ್ ಇಪ್ಪತ್ತು ಸಲ ಇದೆ." ಮನೆಗೆ ಬಂದು ಟ್ರ್ಯಾಕ್ ಒಡೆದು, ಒಂದೊಂದನ್ನೂ ಹತ್ತಿಪ್ಪತ್ತು ಟಿಕ್ ಹಿಂದೆ ಮುಂದೆ ಸರಿಸಿದೆ. ಬೀಟಿಗೆ 960 ಟಿಕ್, 120ರ ವೇಗದಲ್ಲಿ 20 ಟಿಕ್ ಅಂದರೆ ಸುಮಾರು 10 ಮಿಲಿಸೆಕೆಂಡ್. ಅಷ್ಟಕ್ಕೇ ಹಾಡಿಗೆ ಉಸಿರು ಬಂತು.

ನಿಜವಾದ ಕಷ್ಟ ಗಮಕದ್ದು. ಮಾಮಾ ತೋಡಿಯ ಗಾಂಧಾರ ನುಡಿಸಿ "ಇದನ್ನ ಮಾಡು ನೋಡೋಣ" ಅಂದರು. ಷಡ್ಜ 60 ಅಂದುಕೊಳ್ಳಿ, ಗಾಂಧಾರ 63. ಆದರೆ ತೋಡಿಯಲ್ಲಿ ಅದು 63ರಲ್ಲಿ ನಿಲ್ಲೋದೇ ಇಲ್ಲ, ಕೆಳಗಿನ ರಿಷಭದಿಂದ ಮೇಲಿನ ಮಧ್ಯಮದವರೆಗೆ, 61ರಿಂದ 65ರ ನಡುವೆ ತೂಗಾಡತ್ತೆ. ಪಿಚ್ ಬೆಂಡ್‌ನ ಮಾಮೂಲಿ ವ್ಯಾಪ್ತಿ ಎರಡು ಮೇಲೆ, ಎರಡು ಕೆಳಗೆ. ಸರಿಯಾಗಿ ಸಾಕಾಯಿತು! ಮೌಸಿನಲ್ಲಿ ಆ ಗೆರೆ ಬರೆಯೋಕೆ ಒಂದು ಭಾನುವಾರ ಪೂರ್ತಿ ಹಿಡೀತು. ಆದರೆ ಬೆಂಡ್ ಇಡೀ ಚಾನೆಲ್‌ಗೆ ಅನ್ವಯಿಸತ್ತೆ. ಅದೇ ಚಾನೆಲ್‌ನಲ್ಲಿಟ್ಟಿದ್ದ ತಂಬೂರಿಯ ಷಡ್ಜವೂ ಜೊತೆಗೇ ತೂಗಾಡಿತು. ಮಾಮಾ ನಕ್ಕಿದ್ದೇ ನಕ್ಕಿದ್ದು.

ಪ್ರತಿ ಸ್ವರಕ್ಕೂ ಅದರದ್ದೇ ಚಾನೆಲ್ ಕೊಡುವ ಎಂಪಿಇ ಅನ್ನೋ ಏರ್ಪಾಡು ಸ್ಟ್ಯಾಂಡರ್ಡ್ ಆಗಿದ್ದು 2018ರಲ್ಲಿ, ಮಿಡಿ ಹುಟ್ಟಿ 35 ವರ್ಷಕ್ಕೆ. ಅಷ್ಟು ಹೊತ್ತು ಇಲ್ಲಿನವರು ಕಾಯಲಿಲ್ಲ. ರೆಹಮಾನ್ 2009ರ 'ಡೆಲ್ಲಿ-6'ರಲ್ಲಿ ಕೀಗಳೇ ಇಲ್ಲದ, ಬೆರಳು ಜಾರಿಸುವ ಕಂಟಿನ್ಯುಅಮ್ ನುಡಿಸಿದರು. ಚೆನ್ನೈನ ಸತ್ಯನಾರಾಯಣನ್ ಅಂತೂ ಬಲಗೈಯಲ್ಲಿ ಕೀ, ಎಡಗೈಯಲ್ಲಿ ಬೆಂಡ್ ಇಟ್ಟುಕೊಂಡು ಪೂರ್ತಿ ಕರ್ನಾಟಕ ಸಂಗೀತ ಕಚೇರಿಯನ್ನೇ ಮಾಡುತ್ತಾರೆ. ಒಮ್ಮೆ ಕೇಳಿ.

ತಿದ್ದಿದ ಹಾಡನ್ನು ಮೊನ್ನೆ ಮಾಮಾಗೆ ಮತ್ತೆ ಕೇಳಿಸಿದೆ. "ಪರವಾಗಿಲ್ಲ. ಎರಡನೇ ಸಾಲು ಎಲ್ಲಿ?" ಅಂದರು. ಅವರು ಕೂರುತ್ತಿದ್ದುದು ಆ ಸಾಲಲ್ಲಿ. ನಾನು ಅದನ್ನು ಬರೆದೇ ಇರಲಿಲ್ಲ. ಬರೋ ಭಾನುವಾರ ಅವರೇ ವಯಲಿನ್ ತರ್ತಾರಂತೆ, ನಾನು ಆಫೀಸಿನ ಗೆಳೆಯನ ಹತ್ತಿರ ಒಂದು ಒಳ್ಳೆ ಮೈಕ್ ಕೇಳಿಟ್ಟಿದೀನಿ.